ದಿಬ್ಬದ ಬಯಲಿನಲ್ಲಿ ಅಗೆಯುವ ಮೊದಲು ಪೂರ್ಣ ಭೂಭೌತಿಕ ಸಮೀಕ್ಷೆ ನಡೆಸಲು ಕೋರಿ ಮನವಿ

ಇವರಿಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ

ಇವರಿಂದ,
ದಿಬ್ಬದ ಸುತ್ತಲಿನ ನಿವಾಸಿಗಳು

ವಿಷಯ: ಒಳಚರಂಡಿ ಮಾರ್ಗಕ್ಕೆ ಮಾಡಿಸಿರುವ ನೆಲದಡಿಯ ಪರೀಕ್ಷೆ ಸಾಲದು, ಮರುಸಮೀಕ್ಷೆ ಆಗುವವರೆಗೆ ಅಗೆತ ತಡೆಹಿಡಿಯುವ ಬಗ್ಗೆ

ಮಾನ್ಯರೇ,

ದಿಬ್ಬದ ಬುಡದ ಬಯಲಿನಲ್ಲಿ 100 ಮೀಟರ್ ಉದ್ದ, 60 ಮೀಟರ್ ಅಗಲದ ಜಾಗವನ್ನು, ನೆಲದೊಳಗೆ ರೇಡಿಯೋ ಅಲೆ ಕಳಿಸಿ ಮರಳಿದ ಅಲೆಯನ್ನು ಹಿಡಿಯುವ ರಾಡಾರ್‌ನಿಂದ ಪರೀಕ್ಷಿಸಲಾಗಿದೆ, ನೆಲದಡಿ ಏನೂ ಇಲ್ಲ, ಎರಡೂವರೆ ಮೀಟರ್ ಆಳಕ್ಕೆ ತೋಡಬಹುದು ಎಂದು ಕಾಮಗಾರಿಯ ವರದಿ ಹೇಳುತ್ತದೆ. ಅಲ್ಲಿ ಹಳೆಯ ಕಟ್ಟಡಗಳ ಕುರುಹು ಇರಬಹುದೆಂಬ ಆತಂಕದಿಂದ ಆ ವರದಿಯನ್ನು ನಾವು ಸಾಲುಸಾಲಾಗಿ ಓದಿದ್ದೇವೆ. ಅದರಲ್ಲಿರುವ ಅಂಕಿಗಳಿಂದ 'ಏನೂ ಕಾಣಲಿಲ್ಲ' ಎನ್ನಬಹುದು, 'ಏನೂ ಇಲ್ಲ' ಎನ್ನಲು ಬರುವುದಿಲ್ಲ.

ಬಳಸಿದ್ದು 400 ಮೆಗಾಹರ್ಟ್ಸ್ ಆ್ಯಂಟೆನಾ. ಒಣ ಮರಳಿನಲ್ಲಿ ಅದು ಸುಮಾರು 2 ಮೀಟರ್ ಆಳ ನೋಡಬಲ್ಲದು. ಇಲ್ಲಿರುವುದು ಜೇಡಿಮಣ್ಣು, ಅದೂ ತೇವವಿರುವ ಜೇಡಿ. ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವ ಇಂಥ ಮಣ್ಣಿನಲ್ಲಿ ರಾಡಾರ್ ಅಲೆ ಬೇಗ ಸೊರಗುತ್ತದೆ. ವರದಿಗೆ ಲಗತ್ತಿಸಿರುವ ಚಿತ್ರದಲ್ಲೇ ಇದು ಕಾಣುತ್ತದೆ, ಅದರಲ್ಲಿ ಆಳವನ್ನು ಅಲೆ ಹೋಗಿ ಬರುವ ಹೊತ್ತಿನಿಂದ, ನ್ಯಾನೋಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯ ಒಂದು ಪಾಲು) ಗುರುತಿಸಿದ್ದಾರೆ: 15 ನ್ಯಾನೋಸೆಕೆಂಡ್‌ವರೆಗೆ ಪದರಗಳು ಸ್ಪಷ್ಟ, ಅದರ ಕೆಳಗೆ ಬರೀ ಗದ್ದಲ. ಅಲೆಯ ವೇಗ ನ್ಯಾನೋಸೆಕೆಂಡಿಗೆ 0.1 ಮೀಟರ್ ಎಂದು ಹಿಡಿದು, 40 ನ್ಯಾನೋಸೆಕೆಂಡ್ ದಾಖಲಿಸಿದ್ದರಿಂದ 2 ಮೀಟರ್ ಆಳ ನೋಡಿದಂತಾಯಿತು ಎಂದು ಲೆಕ್ಕ ಹಾಕಿದ್ದಾರೆ. ಆದರೆ ಅದೇ ಚಿತ್ರದಲ್ಲಿ ನೀರಿನ ಕೊಳವೆಯೊಂದು ಮೂಡಿಸಿರುವ ಕಮಾನಿನ ಬಾಗನ್ನು ಅಳೆದರೆ ವೇಗ ಸುಮಾರು 0.07 ಬರುತ್ತದೆ. ಅಲೆ ಹೋಗಿ ಬರುವ ಹೊತ್ತನ್ನು ಎರಡರಿಂದ ಭಾಗಿಸಿದರೆ 15 ನ್ಯಾನೋಸೆಕೆಂಡ್ ಎಂದರೆ ಅರ್ಧ ಮೀಟರ್. ತೋಡಲಿರುವ ಎರಡೂವರೆ ಮೀಟರಿನಲ್ಲಿ ಉಳಿದ 2 ಮೀಟರ್ ಮಣ್ಣನ್ನು ಯಾರೂ ನೋಡಿಲ್ಲ.

ರಾಡಾರ್ ಎಳೆದುಕೊಂಡು ನಡೆದ ಸಾಲುಗಳ ಅಂತರವೂ 5 ಮೀಟರ್. ರಸ್ತೆಗೆ ಅಡ್ಡವಾಗಿರುವ ಕೇಬಲ್ ಹುಡುಕಲು ಅಷ್ಟು ಸಾಕಾದೀತು. ನಾಲ್ಕು ಮೀಟರ್ ಅಗಲದ ಒಂದು ಇಡೀ ಕೋಣೆಯ ಅಡಿಪಾಯ ಎರಡು ಸಾಲುಗಳ ನಡುವೆ ತಪ್ಪಿಹೋಗುತ್ತದೆ. ಹಳೆಯ ಕಟ್ಟಡದ ಕುರುಹಿಗೆ ರಾಡಾರ್ ಸಾಲುಗಳು ಅರ್ಧ ಮೀಟರ್‌ಗಿಂತ ದೂರ ಇರಬಾರದು. ಕಾಲು ಮೀಟರ್ ಆದರೆ ಒಳ್ಳೆಯದು. ರೋಮ್‌ನ ಉತ್ತರಕ್ಕಿರುವ ಫಲೇರಿ ನೋವಿಯಲ್ಲಿ 30.5 ಹೆಕ್ಟೇರ್‌ನ ಇಡೀ ಪ್ರಾಚೀನ ರೋಮನ್ ಪಟ್ಟಣದ ನಕ್ಷೆ ಒಂದು ಹಾರೆಯೂ ತಾಗದೆ ರಾಡಾರ್‌ನಿಂದ ಸಿಕ್ಕಿತು, ಅದು 2020ರಲ್ಲಿ ಪ್ರಕಟವಾಯಿತು. ಅಲ್ಲಿ ಒತ್ತೊತ್ತಾಗಿ ಸಾಲು ಹಾಕಿದ್ದರು, ಮಣ್ಣೂ ಅನುಕೂಲವಾಗಿತ್ತು.

ಇಂಥ ಜೇಡಿಯಲ್ಲಿ ಮೊದಲು ಮಾಡಬೇಕಾದದ್ದು ಕಾಂತೀಯ ಸಮೀಕ್ಷೆ. ಸುಟ್ಟ ಇಟ್ಟಿಗೆ, ಒಲೆ, ಕುಲುಮೆ, ಮಡಕೆ ಸುಡುವ ಗೂಡು ಇವೆಲ್ಲ ಕಾದು ತಣ್ಣಗಾಗುವಾಗ ಆ ಹೊತ್ತಿನ ಭೂಕಾಂತತೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಮಾರ್ಟಿನ್ ಏಟ್ಕನ್ 1958ರಲ್ಲೇ ಈ ಗುಣವನ್ನು ಬಳಸಿ ನೆಲದಡಿಯ ಗೂಡನ್ನು ಪತ್ತೆ ಹಚ್ಚಿದ್ದರು. ಬಯಲನ್ನು 20 ಮೀಟರ್ ಚೌಕಗಳಾಗಿ ವಿಂಗಡಿಸಿದರೆ 15 ಚೌಕಗಳಾಗುತ್ತವೆ. ಪ್ರತಿ ಚೌಕದಲ್ಲಿ ಅರ್ಧ ಮೀಟರ್‌ಗೊಂದು ಸಾಲು, ಸಾಲಿನಲ್ಲಿ 12.5 ಸೆಂಟಿಮೀಟರ್‌ಗೊಂದು ಅಳತೆ ಇರಲಿ. ಭೂಮಿಯ ಕಾಂತಕ್ಷೇತ್ರವೇ 25,000ದಿಂದ 65,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ಮಣ್ಣು ತುಂಬಿಕೊಂಡ ಹಳೆಯ ಗುಂಡಿಯೊಂದು ಅದರಲ್ಲಿ ತರುವ ವ್ಯತ್ಯಾಸ ಕೆಲವೇ ನ್ಯಾನೋಟೆಸ್ಲಾ. ಹಾಗಾಗಿ ಉಪಕರಣ ಹೊತ್ತು ನಡೆಯುವವರ ಮೈಮೇಲೆ ಬೆಲ್ಟಿನ ಬಕಲು, ಕೀಲಿಕೈ, ಮೊಬೈಲು, ಉಕ್ಕಿನ ಮೊಳೆಯ ಬೂಟು ಯಾವುದೂ ಇರಕೂಡದು. ಕಾಮಗಾರಿಗೆಂದು ಈಗಾಗಲೇ ನಿಲ್ಲಿಸಿರುವ ತಗಡಿನ ಬೇಲಿ ಹಾಗೇ ಉಳಿದರೆ ಅದರ ಪಕ್ಕದ ಹಲವು ಮೀಟರ್ ಅಳತೆ ಕೆಲಸಕ್ಕೆ ಬಾರದು. ದಯವಿಟ್ಟು ಮೊದಲು ಅದನ್ನು ತೆಗೆಸಿ.

ಇನ್ನೊಂದು ಸೂಕ್ಷ್ಮವಿದೆ. ಅಳತೆಗಳನ್ನು ಸಂಸ್ಕರಿಸುವಾಗ ಸಾಲುಸಾಲಾಗಿ ಮೂಡುವ ಪಟ್ಟೆಗಳನ್ನು ಅಳಿಸುವ ರೂಢಿ ಇದೆ. ನಡೆದ ದಿಕ್ಕಿಗೇ ಸಮಾನಾಂತರವಾಗಿ ಗೋಡೆಯಿದ್ದರೆ ಪಟ್ಟೆಯ ಜೊತೆ ಅದೂ ಅಳಿಸಿಹೋಗುತ್ತದೆ. ಆದ್ದರಿಂದ ಚೌಕಗಳನ್ನು ದಿಬ್ಬದ ಅಂಚಿಗೆ ಓರೆಯಾಗಿ ಹಾಕಬೇಕು, ಸಂಸ್ಕರಿಸದ ಮೂಲ ಅಳತೆಗಳನ್ನೂ ನಗರಸಭೆ ಕೇಳಿ ಪಡೆಯಬೇಕು.

ಕಲ್ಲಿನ ಅಡಿಪಾಯಕ್ಕೆ ಕಾಂತಮಾಪಕ ಒಂದನ್ನೇ ನಂಬುವಂತಿಲ್ಲ. ಅಲ್ಲಿ ವಿದ್ಯುತ್ ರೋಧ ಅಳೆಯಬೇಕು: ಕಲ್ಲಿಗೆ ರೋಧ ಹೆಚ್ಚು, ತೇವ ಹಿಡಿದಿಡುವ ಕಂದಕಕ್ಕೆ ಕಡಿಮೆ. ಅಳೆಯುತ್ತಾ ಮುಂದೆ ಸಾಗಿಸುವ ಚೌಕಟ್ಟಿನ ಎರಡು ಕಡ್ಡಿಗಳ ನಡುವೆ ಅರ್ಧ ಮೀಟರ್ ಇದ್ದರೆ, ಸ್ಥಿರವಾಗಿ ನೆಡುವ ಇನ್ನೆರಡು ಕಡ್ಡಿಗಳು ಅದರ ಮೂವತ್ತು ಪಟ್ಟು, ಅಂದರೆ 15 ಮೀಟರ್‌ಗಾದರೂ ಆಚೆ ಇರಬೇಕು. ಹತ್ತಿರವಾದರೆ ಅಳತೆಯೇ ವಾಲುತ್ತದೆ. ನೆಲ ಬಿರಿದಿರುವಾಗ ಕಡ್ಡಿಗೂ ಮಣ್ಣಿಗೂ ಸಂಪರ್ಕ ಸಿಗದು, ಜಡಿಮಳೆಯ ಮರುದಿನ ಕಲ್ಲಿಗೂ ಮಣ್ಣಿಗೂ ಅಂತರ ಕಾಣದು. ಮಳೆ ನಿಂತು ನೆಲ ಅರೆ ಆರಿದಾಗ ಎಲ್ಲ ಚೌಕಗಳನ್ನೂ ಒಂದೇ ಬಾರಿಗೆ ಮುಗಿಸಬೇಕು.

ಕೊಳವೆ ಮಾರ್ಗದ ಉದ್ದಕ್ಕೆ ಬಂಡೆ ಎಷ್ಟು ಆಳದಲ್ಲಿದೆ ಎಂಬುದೂ ವರದಿಯಲ್ಲಿಲ್ಲ. 2 ಮೀಟರ್‌ಗೊಂದರಂತೆ 48 ವಿದ್ಯುದ್ವಾರ (ನೆಲಕ್ಕೆ ವಿದ್ಯುತ್ ಹರಿಸಿ ರೋಧ ಅಳೆಯುವ ಕಡ್ಡಿ) ನೆಟ್ಟರೆ 94 ಮೀಟರ್ ಸಾಲಾಗುತ್ತದೆ, ಸುಮಾರು 15 ಮೀಟರ್ ಆಳದವರೆಗಿನ ಸೀಳುನೋಟ ಸಿಗುತ್ತದೆ. ಅದೇ ಸಾಲಿನಲ್ಲಿ ನೆಲಕ್ಕೆ ಬಡಿಯುವ ಸುತ್ತಿಗೆ ಮತ್ತು ಆ ಕಂಪನ ಹಿಡಿಯುವ 24 ಜಿಯೋಫೋನ್‌ಗಳಿಂದ ಭೂಕಂಪನ ಸಮೀಕ್ಷೆಯನ್ನೂ ಮಾಡಿಸಿ. ಸಡಿಲ ಒಣ ಮಣ್ಣಿನಲ್ಲಿ ಕಂಪನದ ವೇಗ ಸೆಕೆಂಡಿಗೆ ಕೆಲವು ನೂರು ಮೀಟರ್, ಗಟ್ಟಿ ಗ್ರಾನೈಟಿನಲ್ಲಿ 4,500 ಮೀಟರ್‌ಗೂ ಹೆಚ್ಚು. ಎರಡನ್ನೂ ಕೇಳಲು ಕಾರಣವಿದೆ. ನೀರು ತುಂಬಿದ ಮಣ್ಣಿನಲ್ಲಿ ವೇಗ 1,500ರ ಆಸುಪಾಸು ಇರುವುದರಿಂದ ಕಂಪನ ಅದನ್ನು ಶಿಥಿಲ ಬಂಡೆ ಎಂದೇ ತೋರಿಸಬಹುದು. ಗಟ್ಟಿ ಪದರದಡಿ ಮೆತ್ತನೆಯ ಪದರವಿದ್ದರೆ ಅದು ಕಾಣುವುದೇ ಇಲ್ಲ. ಕಪ್ಪು ಡಾಲರೈಟ್ ಬಂಡೆಯ ಎಳೆಯೊಂದು ನೆಲದಡಿ ಹಾದುಹೋಗಿದ್ದರೆ ಕಾಂತೀಯ ನಕ್ಷೆಯಲ್ಲಿ ನೆಟ್ಟಗೆ ಗೋಡೆಯಂತೆಯೇ ಮೂಡುತ್ತದೆ. ಆದ್ದರಿಂದ ನಕ್ಷೆಗಳನ್ನು ಭೂವಿಜ್ಞಾನಿ ಮತ್ತು ಪುರಾತತ್ವಜ್ಞ ಇಬ್ಬರೂ ಜೊತೆಗೆ ಕುಳಿತು ಓದಬೇಕು.

ಕೊನೆಗೆ ಪರೀಕ್ಷಾ ಗುಂಡಿಗಳು. ಗುರುತು ಕಂಡ ಕಡೆ ಮಾತ್ರವಲ್ಲ, ಖಾಲಿ ಎಂದು ಕಂಡ ಕಡೆಯೂ ಒಂದೆರಡು ತೆಗೆಸಬೇಕು. ಇಲ್ಲವಾದರೆ ಉಪಕರಣ ಏನನ್ನು ಬಿಟ್ಟಿತು ಎಂಬುದು ಗೊತ್ತಾಗುವುದಿಲ್ಲ. ಪುರಾತತ್ವಜ್ಞರ ಎದುರಿನಲ್ಲಿ, ಜೆಸಿಬಿ ಇಲ್ಲದೆ, ಕೈಯಿಂದಲೇ ತೆಗೆಯಬೇಕು.

ಒಳಚರಂಡಿ ನಮಗೂ ಬೇಕು. ನಕ್ಷೆಯ ಮೇಲೆ ಮಾರ್ಗವನ್ನು ಆರು ಮೀಟರ್ ಪಕ್ಕಕ್ಕೆ ಸರಿಸುವುದು ಸುಲಭ. ಕಾಲುವೆ ತೋಡಿದ ಮೇಲೆ ಗೋಡೆ ಎದುರಾದರೆ ಕೆಲಸವೂ ನಿಲ್ಲುತ್ತದೆ, ಒಡೆದ ಗೋಡೆಯೂ ಮತ್ತೆ ಸಿಗುವುದಿಲ್ಲ. ಆದ್ದರಿಂದ ಅಗೆತದ ಆದೇಶವನ್ನು ತಡೆಹಿಡಿದು, ಮೇಲಿನ ಅಂತರ, ಆಳ ಮತ್ತು ಕ್ರಮವನ್ನು ಟೆಂಡರ್ ಷರತ್ತಿನಲ್ಲಿ ಸೇರಿಸಿ, ಚೌಕಗಳ ಮೂಲೆಗಳ ಜಿಪಿಎಸ್ ಗುರುತಿನೊಂದಿಗೆ ಮೂಲ ಅಳತೆಗಳನ್ನು ಸಾರ್ವಜನಿಕರಿಗೂ ಸಿಗುವಂತೆ ಇಡಬೇಕೆಂದು ಕೋರುತ್ತೇವೆ. ಸಮೀಕ್ಷೆಯ ದಿನಾಂಕವನ್ನು ಮೂರು ದಿನ ಮುಂಚೆ ತಿಳಿಸಿದರೆ ಬಯಲಿನ ಅಂಚಿನಲ್ಲಿ ನಿಲ್ಲುವ ನಮ್ಮ ವಾಹನಗಳನ್ನು ನಾವೇ ಬೇರೆಡೆಗೆ ಸಾಗಿಸುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ದಿಬ್ಬದ ಸುತ್ತಲಿನ ನಿವಾಸಿಗಳು

ಲಗತ್ತು: ಕಾಮಗಾರಿ ವರದಿಯ ರಾಡಾರ್ ಚಿತ್ರ, ವೇಗದ ಮರುಲೆಕ್ಕ, 15 ಚೌಕಗಳ ಕರಡು ನಕ್ಷೆ