ಮೀಟಿಂಗ್ ಬಿಟ್ಟು ಪಿಗ್ಮಿ ಕಲೆಕ್ಟರ್ ಜೊತೆ ಒಂದು ಸಂಜೆ ನಡೆಯಿರಿ

ಮಾನ್ಯ ಸಂಪಾದಕರೇ,

ಮಂಗಳೂರನ್ನು ಸಿಲಿಕಾನ್ ಬೀಚ್ ಅಂತ ಕರೆಯುವುದು ಈಗ ಮಾಮೂಲಿ ಆಗಿದೆ. ಹೊಸ ಕಚೇರಿ ಬಂತು, ಇಷ್ಟು ಜನಕ್ಕೆ ಕೆಲಸ ಸಿಗುತ್ತದೆ ಅಂತ ಪತ್ರಿಕೆಯಲ್ಲಿ ಓದುವಾಗ ಖುಷಿಯಾಗುತ್ತದೆ, ಯಾಕೆಂದರೆ ಬೆಂಗಳೂರಿನ ರಾತ್ರಿ ಬಸ್ಸು ಹತ್ತದೆ ಊರಲ್ಲೇ ಇದ್ದು ದುಡಿಯಬೇಕು ಅನ್ನುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನೂ ಇಲ್ಲೇ ಪ್ರಾಡಕ್ಟ್ ಮ್ಯಾನೇಜರ್ ಆಗಿ ಕೆಲಸ ಮಾಡುತ್ತೇನೆ. ಈ ಕೆಲಸ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಒಂದು ಆಪ್‌ನಲ್ಲಿ ಏನಿರಬೇಕು, ಏನು ಬೇಡ, ಯಾವುದನ್ನು ಮೊದಲು ಮಾಡಬೇಕು ಅಂತ ತೀರ್ಮಾನಿಸುವವರು ನಾವು. ಕೋಡ್ ಬರೆಯುವವರು ಬೇರೆ, ಮಾರುವವರು ಬೇರೆ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ತುಂಬ ಚುರುಕು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಸಂಜೆವರೆಗೆ ಒಂದರ ಹಿಂದೆ ಒಂದು ಮೀಟಿಂಗ್, ನಡುವೆ ಮೆಸೇಜುಗಳಿಗೆ ಉತ್ತರ, ರಾತ್ರಿ ಊಟವಾದ ಮೇಲೆ ಟಿಕೆಟ್, ಅಂದರೆ ಕೋಡ್ ಬರೆಯುವವರು ಮಾಡಬೇಕಾದ ಕೆಲಸದ ವಿವರ, ಬರೆಯುವುದು. ಇಷ್ಟೆಲ್ಲ ಮಾಡಿದರೂ, ನಿಮ್ಮ ಆಪ್ ಬಳಸುವವರನ್ನು ಕೊನೆಗೆ ಯಾವಾಗ ನೋಡಿದ್ರಿ ಅಂತ ಕೇಳಿದರೆ ತಡವರಿಸುತ್ತಾರೆ. ತಪ್ಪು ಅವರದ್ದಲ್ಲ. ಅವರ ದಿನವನ್ನು ಹಾಗೆ ತುಂಬಿಸಿಟ್ಟಿದ್ದಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ವಾರದಲ್ಲಿ ಒಂದು ದಿನವಾದರೂ ಬಳಸುವವರ ಪಕ್ಕದಲ್ಲಿ ಹೋಗಿ ನಿಲ್ಲದಿದ್ದರೆ ಪ್ರಾಡಕ್ಟ್ ಮ್ಯಾನೇಜರ್ ಎಷ್ಟು ದುಡಿದರೂ ಆ ದುಡಿಮೆಯಲ್ಲಿ ಬಹುಪಾಲು ನೀರುಪಾಲು. ಆ ಒಂದು ದಿನ ಸಿಗಬೇಕಾದರೆ ಮೀಟಿಂಗ್ ಕಡಿಮೆಯಾಗಬೇಕು. ಟೈಮ್ ಸಾಲದು ಅನ್ನುವ ಗೋಳು, ಗ್ರಾಹಕರು ಅರ್ಥವಾಗುತ್ತಿಲ್ಲ ಅನ್ನುವ ಗೋಳು, ಎರಡಕ್ಕೂ ಬೇರು ಒಂದೇ.

ಇದನ್ನು ನಮ್ಮ ಕರಾವಳಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕ್ ಕಟ್ಟಿದರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾಗಿ, 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕ್ ಜೊತೆ ವಿಲೀನವಾದದ್ದು ಅದೇ ಬ್ಯಾಂಕು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಬಾಗಿಲಿಗೆ ಬಂದು ತಗೊಂಡು ಹೋಗುತ್ತಾರೆ. ಹೀಗೆ ಬರುವವರೇ ಪಿಗ್ಮಿ ಕಲೆಕ್ಟರ್. ಸ್ವಲ್ಪ ಯೋಚಿಸಿ ನೋಡಿ. ದಿನಗೂಲಿಯವನ ಹತ್ತಿರ ತಿಂಗಳ ಕೊನೆಗೆ ಹಣ ಉಳಿಯುವುದಿಲ್ಲ, ಆದರೆ ಸಂಜೆ ಹೊತ್ತಿಗೆ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಸಣ್ಣ ಅಂಗಡಿಯವರು ಬಾಗಿಲು ಹಾಕಿ ಬ್ಯಾಂಕಿಗೆ ಹೋದರೆ ಆ ಹೊತ್ತಿನ ವ್ಯಾಪಾರ ಹೋಯಿತು. ಕೌಂಟರ್ ಹಿಂದೆ ಕೂತವರಿಗೆ ಇದು ಕಾಣುವುದಿಲ್ಲ. ಬೀದಿಯಲ್ಲಿ ನಡೆದವರಿಗೆ ಕಾಣುತ್ತದೆ. ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಅನ್ನುವ ಹೆಸರು ಇಲ್ಲಿ ಯಾರೂ ಕೇಳಿರದ ಕಾಲದಲ್ಲಿ ಉಡುಪಿಯವರು ಮಾಡಿದ ಕೆಲಸ ಇದು. ನಮ್ಮ ಕಾಲೇಜುಗಳ ಮ್ಯಾನೇಜ್‌ಮೆಂಟ್ ಪಾಠದಲ್ಲಿ ಇದು ಮೊದಲು ಬರಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಪಿಗ್ಮಿ ಈಗಲೂ ಇದೆ, ಸಹಕಾರಿ ಸೊಸೈಟಿಗಳಲ್ಲಂತೂ ಚೆನ್ನಾಗಿಯೇ ನಡೆಯುತ್ತಿದೆ. ಕಲೆಕ್ಟರ್ ಕೈಗೆ ಪುಸ್ತಕದ ಬದಲು ಮೊಬೈಲು, ಸೊಂಟಕ್ಕೆ ಸಣ್ಣ ಪ್ರಿಂಟರ್ ಬಂದಿದೆ. ಆ ಮೊಬೈಲಿನ ಆಪ್ ಮಾಡುವುದೇ ನಮ್ಮ ಟೀಮಿನ ಕೆಲಸ. ಸೊಸೈಟಿಗಳಿಂದ ನಮಗೆ ಬಂದ ಬೇಡಿಕೆ ಹೀಗಿತ್ತು: ಗ್ರಾಹಕರ ಹೆಸರು ಹುಡುಕುವುದು ನಿಧಾನವಾಗುತ್ತದೆ, ಸರ್ಚ್ ಫಾಸ್ಟ್ ಮಾಡಿಕೊಡಿ. ಕಾಗದದ ಮೇಲೆ ಸರಿಯಾದ ಬೇಡಿಕೆಯೇ. ಕೆಲಸ ಶುರು ಮಾಡುವ ಮೊದಲು ಒಬ್ಬರು ಕಲೆಕ್ಟರ್ ಜೊತೆ ಬಂದರಿನ ಗಲ್ಲಿಗಳಲ್ಲಿ ಒಂದು ಸಂಜೆ ನಡೆದೆ. ಜೋರು ಮಳೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮೊಬೈಲು. ಜಿನಸಿನ ಅಂಗಡಿ ಮುಂದೆ ನಿಂತ ಕೂಡಲೇ ಮಾಲೀಕರು ಗಲ್ಲಾದಿಂದ ನೋಟು ತೆಗೆದು ಚಾಚುತ್ತಾರೆ, ಹಿಂದೆ ಗಿರಾಕಿ ಕಾಯುತ್ತಿರುತ್ತಾರೆ, ಇವರು ಒದ್ದೆ ಹೆಬ್ಬೆರಳಲ್ಲಿ ಹೆಸರು ಟೈಪ್ ಮಾಡಬೇಕು. ಸ್ಕ್ರೀನ್ ಒತ್ತಿದರೆ ಒಂದು ಅಕ್ಷರದ ಬದಲು ಇನ್ನೊಂದು ಬೀಳುತ್ತದೆ. ಹಳೆ ಗೋದಾಮಿನ ದಪ್ಪ ಗೋಡೆಗಳ ಒಳಗೆ ನೆಟ್‌ವರ್ಕ್ ಬೇರೆ ಸಿಗುವುದಿಲ್ಲ. ನಾಲ್ಕೈದು ಅಂಗಡಿ ಆದ ಮೇಲೆ ಅವರು ಮೊಬೈಲನ್ನು ಜೇಬಿಗೆ ಹಾಕಿ, ಅಂಗಿ ಜೇಬಿನಲ್ಲಿದ್ದ ಮಡಚಿದ ಚೀಟಿ ತೆಗೆದರು. ಅದರಲ್ಲಿ ಅವರು ನಡೆಯುವ ದಾರಿಯಲ್ಲಿ ಅಂಗಡಿಗಳು ಬರುವ ಕ್ರಮದಲ್ಲೇ ಹೆಸರು ಬರೆದಿತ್ತು. ಪಕ್ಕದಲ್ಲಿ ಪೆನ್ಸಿಲಲ್ಲಿ ಮೊತ್ತ. "ಮನೆಗೆ ಹೋಗಿ ಚಾ ಕುಡಿದು ಎಲ್ಲ ಒಟ್ಟಿಗೆ ಹಾಕುವುದು ಮಾರಾಯ್ರೆ" ಅಂದರು.

ಅವರಿಗೆ ಸರ್ಚ್ ಬೇಕಾಗಿಯೇ ಇರಲಿಲ್ಲ. ದಾರಿಯ ಕ್ರಮದಲ್ಲಿ ಪಟ್ಟಿ ಬೇಕಿತ್ತು, ದಿನಾ ಕೊಡುವ ಮೊತ್ತ ಮೊದಲೇ ತುಂಬಿರಬೇಕಿತ್ತು, ಒಂದು ದೊಡ್ಡ ಬಟನ್ ಬೇಕಿತ್ತು, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯಬೇಕಿತ್ತು. ಆಫೀಸಿನಲ್ಲಿ ಕೂತು ಸರ್ಚ್ ಎಷ್ಟು ಫಾಸ್ಟ್ ಮಾಡಿದ್ದರೂ ಆ ಚೀಟಿ ಜೇಬಿನಿಂದ ಹೋಗುತ್ತಿರಲಿಲ್ಲ. ಜನ ಕೇಳುವುದು ಅವರಿಗೆ ತೋಚಿದ ಪರಿಹಾರವನ್ನು. ತೊಂದರೆ ಏನು ಅಂತ ನಾವೇ ಹೋಗಿ ನೋಡಬೇಕು. ಆಪ್ ಇದ್ದೂ ಜನ ಚೀಟಿ, ಡೈರಿ, ವಾಟ್ಸಾಪ್‌ನಲ್ಲಿ ತಮಗೇ ಕಳಿಸಿಕೊಂಡ ಫೋಟೋ ಇಟ್ಟುಕೊಂಡಿದ್ದಾರಾ ಅಂತ ಮೊದಲು ಗಮನಿಸಿ. ಅಲ್ಲೇ ಎಲ್ಲ ಇರುತ್ತದೆ.

ಇನ್ನೊಂದು ಸಂಗತಿ ಅವರೇ ದಾರಿಯಲ್ಲಿ ಹೇಳಿದ್ದು, ಅದನ್ನು ಇಲ್ಲಿ ಬರೆಯಲೇಬೇಕು. ಹಣ ಕಟ್ಟಿದ ಕೂಡಲೇ ಎಸ್ಸೆಮ್ಮೆಸ್ ಹೋಗಬೇಕು ಅಂತ ನಮ್ಮ ಪಟ್ಟಿಯಲ್ಲಿತ್ತು. ಒಳ್ಳೆಯದೇ ಅಲ್ವಾ, ಲೆಕ್ಕ ಪಾರದರ್ಶಕ. ಆದರೆ ಮಲ್ಲಿಗೆ ಮಾರುವ ಒಬ್ಬರು ಅಕ್ಕ ಇದ್ದಾರಂತೆ. ದಿನಾ ಸಂಜೆ ಅಟ್ಟೆ (ಮಲ್ಲಿಗೆ ಹೂವಿನ ಕಟ್ಟು) ಮಾರಿದ ಹಣದಲ್ಲಿ ಸ್ವಲ್ಪ ಪಿಗ್ಮಿಗೆ ಕೊಡುತ್ತಾರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಆ ಹಣ ಉಳಿಯುವುದಿಲ್ಲ. ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರ್ ಮಗನದ್ದು. ಎಸ್ಸೆಮ್ಮೆಸ್ ಹೋದರೆ ಹೋಗುವುದು ಅವನಿಗೆ. ಅಂಥವರು ಆ ಒಂದು ಲೈನಿನಲ್ಲೇ ಎಷ್ಟೋ ಜನ ಇದ್ದಾರೆ ಅಂದರು. ಯಾವ ಡ್ಯಾಶ್‌ಬೋರ್ಡ್ ಇದನ್ನು ತೋರಿಸುತ್ತದೆ? ಯಾವ ಗೂಗಲ್ ಫಾರ್ಮ್‌ನಲ್ಲಿ ಆ ಅಕ್ಕ ಇದನ್ನು ಬರೆಯುತ್ತಾರೆ? ಎಸ್ಸೆಮ್ಮೆಸ್ ಬೇಕಾ, ಯಾವ ನಂಬರಿಗೆ ಬೇಕು ಅಂತ ಗ್ರಾಹಕರನ್ನೇ ಕೇಳುವ ಒಂದು ಸಾಲು ಸೇರಿಸಿದರೆ ಮುಗಿಯಿತು. ಆ ಸಾಲು ಬೇಕು ಅಂತ ಗೊತ್ತಾಗಲು ಮಾತ್ರ ಮಳೆಯಲ್ಲಿ ನಡೆಯಲೇಬೇಕಿತ್ತು.

ಅಂಕಿಅಂಶ ಬೇಡ ಅಂತ ನಾನು ಹೇಳುತ್ತಿಲ್ಲ. ಊರು ಗೊತ್ತಿಲ್ಲದೆ ಅಂಕಿ ಓದಬೇಡಿ ಅನ್ನುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮಲ್ಪೆಯಲ್ಲೂ ಮಂಗಳೂರು ದಕ್ಕೆಯಲ್ಲೂ ಬೋಟುಗಳು ದಡ ಸೇರುತ್ತವೆ. ಐಸ್ ಪ್ಲಾಂಟಿನವರು, ಮೀನು ಹೊರುವವರು, ಹತ್ತಿರದ ಹೋಟೆಲಿನವರು, ಎಲ್ಲರ ಕೈಯೂ ಬಿಗಿ. ಅದರ ಮೇಲೆ ಆಟಿ, ತುಳುವರ ಮಳೆಗಾಲದ ಕಷ್ಟದ ತಿಂಗಳು. ಆಗ ಪಿಗ್ಮಿ ಕಟ್ಟುವವರ ಗ್ರಾಫ್ ಇಳಿಯದೆ ಇನ್ನೇನು? ದೂರದ ಊರಿನ ಕಚೇರಿಯಲ್ಲಿ ಕೂತವರು ಅದನ್ನು ನೋಡಿ ಗ್ರಾಹಕರು ಬಿಟ್ಟು ಹೋಗುತ್ತಿದ್ದಾರೆ ಅಂತ ಗಾಬರಿಯಾಗಿ ಆಫರ್, ನೋಟಿಫಿಕೇಶನ್ ಶುರು ಮಾಡುತ್ತಾರೆ. ಕೈಯಲ್ಲಿ ಕಾಸಿಲ್ಲದವರಿಗೆ ದಿನಕ್ಕೆ ಮೂರು ಸಲ ಕಟ್ಟಿ ಕಟ್ಟಿ ಅಂತ ಮೊಬೈಲ್ ಕಿರಿಚಿದರೆ ಏನನ್ನಿಸುತ್ತದೆ? ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿದ ಮೇಲೆ ಅವರೇ ಕಟ್ಟುತ್ತಾರೆ. ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ.

ಇನ್ನು ಪ್ರಶ್ನೆ ಕೇಳುವ ರೀತಿ. ಈ ಫೀಚರ್ ಕೊಟ್ಟರೆ ಬಳಸುತ್ತೀರಾ ಅಂತ ದಯವಿಟ್ಟು ಕೇಳಬೇಡಿ. ನಮ್ಮ ಕಡೆಯವರು ಮರ್ಯಾದೆಯವರು. ಮನೆಗೆ ಬಂದವರ ಮುಖಕ್ಕೆ ಬೇಡ ಅನ್ನುವುದಿಲ್ಲ. ಆಯ್ತು, ಒಳ್ಳೇದಾಯ್ತು, ಮಾಡಿ ಅನ್ನುತ್ತಾರೆ, ಆಮೇಲೆ ಮುಟ್ಟಿಯೂ ನೋಡುವುದಿಲ್ಲ. ನಿನ್ನೆ ಕಲೆಕ್ಷನ್ ಮುಗಿದ ಮೇಲೆ ಏನು ಮಾಡಿದ್ರಿ, ಕೊನೆಗೆ ಯಾವಾಗ ಲೆಕ್ಕ ತಾಳೆಯಾಗಲಿಲ್ಲ, ಆಗ ಯಾರಿಗೆ ಫೋನ್ ಮಾಡಿದ್ರಿ, ಹೀಗೆ ಆಗಿಹೋದದ್ದನ್ನು ಕೇಳಿ. ನಡೆದದ್ದನ್ನು ಹೇಳುವಾಗ ಜನ ಮೊತ್ತ, ಹೆಸರು, ಜಾಗ ಎಲ್ಲ ಹೇಳುತ್ತಾರೆ. ತುಳುವೋ ಬ್ಯಾರಿಯೋ ಕೊಂಕಣಿಯೋ, ಅವರ ಮನೆಮಾತಿನಲ್ಲೇ ಮಾತಾಡಿ, ನಿಮಗೆ ಬಾರದಿದ್ದರೆ ಬರುವವರನ್ನು ಕರಕೊಂಡು ಹೋಗಿ. ಕೇಳಿದ ಮೇಲೆ ಸುಮ್ನೆ ಇರಿ. ಅವರು ನಿಲ್ಲಿಸಿದ ಕೂಡಲೇ ನಾವು ಬಾಯಿ ಹಾಕುತ್ತೇವೆ, ಮುಖ್ಯವಾದ ಮಾತು ಅದರ ನಂತರ ಬರುವುದಿರುತ್ತದೆ.

ಎಷ್ಟು ಜನರನ್ನು ನೋಡಬೇಕು ಅನ್ನುವ ಚಿಂತೆಯಲ್ಲೇ ಕೆಲವರು ಶುರುವೇ ಮಾಡುವುದಿಲ್ಲ. ಬಳಕೆಯ ತೊಂದರೆಗಳನ್ನು ಕಂಡುಹಿಡಿಯಲು 5 ಜನ ಸಾಕು, ಸುಮಾರು 85 ಶೇಕಡಾ ತೊಂದರೆ ಅಷ್ಟರಲ್ಲೇ ಸಿಗುತ್ತದೆ ಅಂತ ಈ ವಿಷಯದ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಬೇರೆ ಬೇರೆ ಬಗೆಯ ಬಳಕೆದಾರರಿದ್ದರೆ ಬೇರೆ ಬೇರೆಯಾಗಿ ನೋಡಬೇಕು ಅಂತಲೂ ಹೇಳಿದ್ದಾರೆ. ನಮ್ಮಲ್ಲಾದರೆ ಕಲೆಕ್ಟರ್ ಬೇರೆ, ಅಂಗಡಿಯವರು ಬೇರೆ, ಸೊಸೈಟಿ ಮ್ಯಾನೇಜರ್ ಬೇರೆ. ಆದರೆ ಎಷ್ಟು ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ ಅನ್ನುವ ಪ್ರಶ್ನೆಗೆ 5 ಜನ ಉತ್ತರ ಕೊಡಲಾರರು, ಅದಕ್ಕೆ ದೊಡ್ಡ ಲೆಕ್ಕವೇ ಬೇಕು. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು.

ಟೈಮ್ ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಪ್ರತಿಯೊಬ್ಬರೂ ನಿನ್ನೆ ಏನು ಮಾಡಿದೆ ಅಂತ ಸರದಿಯಲ್ಲಿ ಹೇಳುವ ಮೀಟಿಂಗ್ ಇದೆಯಲ್ಲ, ಅದನ್ನು ಬರಹಕ್ಕೆ ಹಾಕಿ. ಬೆಳಿಗ್ಗೆ ಹತ್ತರೊಳಗೆ ನಾಲ್ಕು ಸಾಲು ಬರೆದು ಹಾಕಿದರೆ ಬೇಕಾದವರು ಓದುತ್ತಾರೆ. ತೀರ್ಮಾನ ತಗೊಳ್ಳಬೇಕಾದ ಮೀಟಿಂಗ್ ಮಾತ್ರ ಉಳಿಯಲಿ, ಅದಕ್ಕೂ ಮೊದಲು ಒಂದು ಪುಟ ಬರೆದಿರಲಿ. ಅಮೆಜಾನ್‌ನಲ್ಲಿ 2004ರಲ್ಲಿ ಹಿರಿಯ ಅಧಿಕಾರಿಗಳ ಮೀಟಿಂಗ್‌ಗಳಿಂದ ಪವರ್‌ಪಾಯಿಂಟ್ ತೆಗೆದು, ಪೂರ್ತಿ ವಾಕ್ಯಗಳಲ್ಲಿ ಬರೆದ ಟಿಪ್ಪಣಿ ತರಬೇಕು ಅಂತ ಮಾಡಿದರು. ಮೊದಲು ಎಲ್ಲರೂ ಸುಮ್ಮನೆ ಕೂತು ಅದನ್ನು ಓದುತ್ತಾರೆ, ಆಮೇಲೆ ಮಾತು. ಬರೆಯಲು ಕೂತಾಗ ನಮಗೆ ಏನು ಗೊತ್ತಿಲ್ಲ ಅನ್ನುವುದು ನಮಗೇ ಗೊತ್ತಾಗುತ್ತದೆ, ಎಷ್ಟೋ ಮೀಟಿಂಗ್ ಅಲ್ಲಿಗೇ ನಿಲ್ಲುತ್ತದೆ. ಹೊರಗೆ ಹೋಗುವ ದಿನವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ಗ್ರಾಹಕರ ಹೊತ್ತಿಗೆ ಹೊಂದಿಸಿ. ಪಿಗ್ಮಿಯವರಿಗೆ ಸಂಜೆ, ದಕ್ಕೆಯವರಿಗೆ ಬೆಳಗಿನ ಜಾವ. ಕೋಡ್ ಬರೆಯುವ ಒಬ್ಬರನ್ನೂ ಕರಕೊಂಡು ಹೋಗಿ. ಒದ್ದೆ ಬೆರಳಿನ ಕಷ್ಟವನ್ನು ಕಣ್ಣಾರೆ ಕಂಡವರಿಗೆ ಮತ್ತೆ ವಿವರಿಸಬೇಕಾಗಿಲ್ಲ, ಅದರಲ್ಲೇ ಅರ್ಧ ದಿನ ಉಳಿಯುತ್ತದೆ. ಅದೇ ರಾತ್ರಿ ಬರೆದಿಡಿ. ಕಂಡದ್ದು ಒಂದು ಕಡೆ, ನಿಮಗೆ ಅನ್ನಿಸಿದ್ದು ಇನ್ನೊಂದು ಕಡೆ. ಜನರ ಖಾತೆ ನಂಬರು, ಮೊತ್ತ, ಮುಖ ಕಾಣುವ ಫೋಟೋ ಮಾತ್ರ ಗುಂಪಿನಲ್ಲಿ ಹಾಕಬೇಡಿ, ಅದು ಅವರ ಸ್ವಂತದ್ದು.

ಈಗ ಎಐ ಹತ್ತಿರವೇ ಗ್ರಾಹಕರ ಪಾತ್ರ ಮಾಡಿಸಿ ಪ್ರಶ್ನೆ ಕೇಳುವವರೂ ಇದ್ದಾರೆ. ರೆಕಾರ್ಡಿಂಗ್ ಬರಹಕ್ಕಿಳಿಸಲು, ನೂರಾರು ದೂರುಗಳನ್ನು ವಿಂಗಡಿಸಲು ನಾನೂ ಅದನ್ನು ದಿನಾ ಬಳಸುತ್ತೇನೆ, ಸಮಯ ಉಳಿಯುತ್ತದೆ. ಮಲ್ಲಿಗೆ ಮಾರುವ ಅಕ್ಕನ ಗುಟ್ಟು ಅದಕ್ಕೆ ಯಾರೂ ಹೇಳಿಲ್ಲ. ಉಳಿದ ಸಮಯವನ್ನು ಅವರ ಹತ್ತಿರ ಹೋಗಲು ಬಳಸಿ.

ಸಂಪಾದಕರೇ, ನಿಮ್ಮ ಮೂಲಕ ಎರಡು ವಿನಂತಿ. ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯ ಕಾಲೇಜಿನವರು ಆಪ್ ಪ್ರಾಜೆಕ್ಟ್ ಮಾಡುವ ಮಕ್ಕಳನ್ನು ಮೊದಲ ವಾರವೇ ಒಬ್ಬ ಪಿಗ್ಮಿ ಕಲೆಕ್ಟರ್, ಒಬ್ಬ ಬಸ್ ಕಂಡಕ್ಟರ್, ಮೀನು ಮಾರ್ಕೆಟಿನ ಒಬ್ಬರು ಅಕ್ಕ, ಯಾರ ಜೊತೆಗಾದರೂ ಅವರ ಒಪ್ಪಿಗೆ ಕೇಳಿ ಒಂದು ದಿನ ಕಳಿಸಲಿ. ಕೋಡ್ ಅದರ ನಂತರ. ಇನ್ನೊಂದು ನಿಮ್ಮ ಓದುಗರಿಗೆ. ಯಾರಾದರೂ ಹುಡುಗರು ಪುಸ್ತಕ ಪೆನ್ನು ಹಿಡಿದು ಅಂಗಡಿಗೆ ಬಂದು ನಮ್ಮ ಆಪ್ ಹೇಗಿದೆ ಅಂತ ಕೇಳಿದರೆ, ಒಳ್ಳೇದುಂಟು ಅಂತ ಹೇಳಿ ಕಳಿಸಬೇಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾವಾಗ ಸಿಟ್ಟು ಬಂತು, ಯಾಕೆ ಈಗಲೂ ಡೈರಿಯಲ್ಲೇ ಬರೆಯುತ್ತೀರಿ, ಆ ಡೈರಿಯನ್ನೇ ತೆಗೆದು ತೋರಿಸಿ.

ಇತಿ,
ಒಬ್ಬ ಪ್ರಾಡಕ್ಟ್ ಮ್ಯಾನೇಜರ್
ಮಂಗಳೂರು