ಮಳೆಮರದ ಎರಡು ಚಿತ್ರಗಳು

ಬಸವನಗುಡಿ, ಬೆಂಗಳೂರು

ಚಿ. ನಂದಿನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಎರಡೂ ಜಲವರ್ಣ ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ನಿಮ್ಮ ಬೀದಿಯ ಮಳೆಮರ ಕಡಿದ ಸಂಜೆಯೇ ಕೂತು ಬರೆದದ್ದು ಒಂದು, ಆಮೇಲೆ ಹಳೆಯ ಫೋಟೊ ನೋಡಿಕೊಂಡು ತಿದ್ದಿ ತೀಡಿ ಬರೆದದ್ದು ಇನ್ನೊಂದು. ಮೊದಲನೆಯದರಲ್ಲಿ ಜೀವ ಇದೆ, ಬಣ್ಣ ಕೆಸರಾಗಿದೆ. ಎರಡನೆಯದರಲ್ಲಿ ಕೆಲಸ ಚೊಕ್ಕ, ಮರ ಮಾತ್ರ ಯಾರ ಬೀದಿಯದೋ ಅನ್ನಿಸುತ್ತದೆ. ಭಾವ ಮುಖ್ಯವೋ ಕೈಚಳಕ ಮುಖ್ಯವೋ ಅಂತ ಕೇಳಿದ್ದೀಯ. ಎರಡೂ ಬೇಕು ಕಣೇ, ಆದರೆ ಒಂದೇ ಹೊತ್ತಿನಲ್ಲಿ ಅಲ್ಲ. ಏನು ಬರೆಯಬೇಕು, ಏನು ಬಿಡಬೇಕು ಅನ್ನುವುದನ್ನು ಭಾವ ತೀರ್ಮಾನಿಸಲಿ. ಆ ತೀರ್ಮಾನ ಬ್ರಷ್ ಒದ್ದೆಯಾಗುವ ಮೊದಲೇ ಆಗಿರಬೇಕು. ಕಾಗದದ ಮೇಲೆ ನೀರು ಇಳಿದ ಮೇಲೆ ಕೈ, ಕಣ್ಣು ಎರಡೇ ಕೆಲಸ ಮಾಡಲಿ.

ಮೊದಲ ಚಿತ್ರ ಕೆಟ್ಟದ್ದು ನಿನ್ನ ಸಂಕಟದಿಂದ ಅಂತ ಅಂದುಕೊಂಡಿದ್ದೀಯ. ಅರ್ಧ ತಪ್ಪು ಕಾಗದದ್ದು. ಅದು 150 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ, ತೆಳು ಹಾಳೆಯ ಸ್ಕೆಚ್ ಪುಸ್ತಕ. ನೀರು ಬಿದ್ದ ಕೂಡಲೇ ಹಾಳೆ ಉಬ್ಬಿ ತಗ್ಗುಗಳಾಗುತ್ತವೆ, ಬಣ್ಣ ಆ ತಗ್ಗುಗಳಲ್ಲಿ ನಿಂತು ಒಣಗುತ್ತದೆ. ಮೇಲೆ ಉಜ್ಜಿದರೆ ಕಾಗದದ ಸಿಪ್ಪೆ ಏಳುತ್ತದೆ. 300 ಜಿಎಸ್‌ಎಂನ ಪೂರ್ತಿ ಹತ್ತಿಯ ಕೋಲ್ಡ್ ಪ್ರೆಸ್, ಅಂದರೆ ಸ್ವಲ್ಪ ತರಿತರಿ ಮೈಯ, ಹಾಳೆ ತಗೋ. ದುಬಾರಿ ಹೌದು. ಆದರೆ 56×76 ಸೆಂ.ಮೀ.ನ ಒಂದು ದೊಡ್ಡ ಹಾಳೆಯಲ್ಲಿ 19×28ರ ಎಂಟು ತುಂಡು ಆಗುತ್ತವೆ, ಅಭ್ಯಾಸಕ್ಕೆ ಹಿಂಬದಿಯೂ ಸಿಗುತ್ತದೆ. ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಹಲಗೆಗೆ ಬಿಗಿ ಮಾಡು. ಹಲಗೆಯ ತಲೆಗೆ ಒಂದು ಪುಸ್ತಕ ಇಟ್ಟು ಸ್ವಲ್ಪ ಓರೆ ಮಾಡಿಕೊ, ಬಣ್ಣ ಒಂದೇ ಕಡೆಗೆ ಇಳಿಯುತ್ತದೆ.

ಉಳಿದರ್ಧ ನಿನ್ನ ಕೈಯದು. ದುಃಖವಾಗಲಿ ಸಿಟ್ಟಾಗಲಿ ಉಕ್ಕಿದಾಗ ಕೈ ಒತ್ತುತ್ತದೆ, ಹಚ್ಚಿದ ಕಡೆಯೇ ಮತ್ತೆ ಹಚ್ಚುತ್ತದೆ. ಜಲವರ್ಣ ಅದನ್ನು ತಡೆದುಕೊಳ್ಳುವುದಿಲ್ಲ. ಕೆಳಗಿನ ಪದರ ಕರಗಿ ಮೇಲಿನದರ ಜೊತೆ ಬೆರೆಯುತ್ತದೆ. ಹಸಿರು, ಕಂದು, ನೇರಳೆ ಮೂರೂ ಒಂದಾಗಿ ಕೆಸರು. ಕಾಂಡದ ಬಲಗಡೆ ನೋಡು, ಹೂಕೋಸಿನಂಥ ಅಂಚಿರುವ ಒಂದು ಕಲೆ ಇದೆ. ಅರೆ ಒಣಗಿದ ಬಣ್ಣದೊಳಕ್ಕೆ ಅದಕ್ಕಿಂತ ಹೆಚ್ಚು ನೀರಿರುವ ಬ್ರಷ್ ಇಟ್ಟಿದ್ದೀಯ. ಆ ನೀರು ಅಲ್ಲಿದ್ದ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಅಂಚಿನಲ್ಲಿ ಗುಡ್ಡೆ ಹಾಕಿದೆ.

ಇದಕ್ಕೆ ಮದ್ದು ಹೊಳಪು ನೋಡುವುದು. ತಲೆ ಬಗ್ಗಿಸಿ, ಕಾಗದವನ್ನು ಕಿಟಕಿಯ ಬೆಳಕಿಗೆ ಎದುರಾಗಿ ನೋಡು. ನೀರು ಥಳಥಳ ಹೊಳೆಯುತ್ತಿದ್ದರೆ ಹಾಕಿದ ಬಣ್ಣ ಎಲ್ಲಿ ಬೇಕಾದರೂ ಹರಿಯುತ್ತದೆ. ಆಕಾಶಕ್ಕೆ, ಮಂಜಿಗೆ ಅದೇ ಬೇಕು. ಹೊಳಪು ಮಂಕಾಗುತ್ತಾ ಬಂದಾಗ ಬ್ರಷ್ಷಿನ ನೀರನ್ನು ಬಟ್ಟೆಗೆ ಒತ್ತಿ ತೆಗೆದು ಗಟ್ಟಿ ಬಣ್ಣ ಹಾಕಿದರೆ ದೂರದ ಕೊಂಬೆಗಳು ಮೆತ್ತಗಿನ ಅಂಚಿನಲ್ಲಿ ಕೂರುತ್ತವೆ. ಹೊಳಪು ಹೋಗಿದ್ದು, ಮುಂಗೈ ಇಟ್ಟರೆ ಇನ್ನೂ ತಣ್ಣಗಿದೆ ಅಂದರೆ ಏನನ್ನೂ ಮುಟ್ಟಬೇಡ. ಎಲ್ಲ ಕೆಡುವುದು ಆ ಹೊತ್ತಿನಲ್ಲೇ. ಗಡಿಯಾರ ನಂಬಬೇಡ. ನಮ್ಮ ಬೆಂಗಳೂರಿನಲ್ಲಿ ಮಾರ್ಚಿಯಲ್ಲಿ ಫ್ಯಾನ್ ಕೆಳಗೆ ನೋಡನೋಡುತ್ತಲೇ ಒಣಗುವ ವಾಶ್ (ನೀರಾಗಿ ಹರಡಿದ ಬಣ್ಣದ ಪದರ), ಆಷಾಢದ ತಂಡಿಗಾಳಿಯಲ್ಲಿ ಎಷ್ಟೋ ಹೊತ್ತು ಹಸಿಯಾಗಿಯೇ ಇರುತ್ತದೆ. ಇನ್ನೊಂದು, ಒಣಗಿದ ಬಣ್ಣ ಒದ್ದೆಯಲ್ಲಿ ಕಂಡದ್ದಕ್ಕಿಂತ ತಿಳಿಯಾಗುತ್ತದೆ. ಅದೇ ಕಾಗದದ ಚೂರಿನ ಮೇಲೆ ಹಚ್ಚಿ, ಒಣಗಿಸಿ ನೋಡಿಯೇ ಮುಂದುವರಿ.

ಇನ್ನು ಎರಡನೆಯ ಚಿತ್ರ. ಅದರಲ್ಲಿ ಎಲ್ಲ ಅಂಚುಗಳೂ ಒಂದೇ ಸಮ ಚೂಪು. ಹಿಂದಿನ ಮನೆಯ ಗ್ರಿಲ್ಲೂ ಅಷ್ಟೇ ಸ್ಪಷ್ಟ, ಮುಂದಿನ ಕೊಂಬೆಯೂ ಅಷ್ಟೇ ಸ್ಪಷ್ಟ. ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು ಹೇಳು. ಬೆಳಕು ಸಂಜೆಯದು ಹಾಕಿದ್ದೀಯ, ಎಲೆಗಳು ಮಾತ್ರ ಅಗಲವಾಗಿ ಬಿಚ್ಚಿಕೊಂಡಿವೆ. ಮಳೆಮರ ಸಂಜೆಗೆ ಎಲೆ ಮಡಚಿಕೊಳ್ಳುತ್ತದೆ. ಹಗಲೆಲ್ಲ ಚಪ್ಪರದಂತಿದ್ದ ನೆತ್ತಿ ತೆಳುವಾಗಿ ಅಲ್ಲಲ್ಲಿ ಆಕಾಶ ಇಣುಕುತ್ತದೆ. ಇದು ನಿನಗೆ ಗೊತ್ತಿಲ್ಲದ್ದಲ್ಲ, ಹುಟ್ಟಿದಾಗಿನಿಂದ ಆ ಮರದ ಕೆಳಗೇ ಓಡಾಡಿದವಳು ನೀನು. ಫೋಟೊ ಮಧ್ಯಾಹ್ನದ್ದು, ನೀನು ಫೋಟೊವನ್ನು ನಂಬಿದೆ. ಪ್ರೀತಿಯಿಂದ ಕಂಡದ್ದು ಚಿತ್ರಕ್ಕೆ ಬರಬೇಕಾದದ್ದು ಇಂಥ ಕಡೆಯೇ, ಕಣ್ಣೀರಾಗಿ ಅಲ್ಲ.

ಹಾಗಾಗಿ ಮುಂದಿನ ಸಲ ಮೊದಲು ಪೆನ್ಸಿಲ್ ಹಿಡಿ. ಮೆತ್ತನೆಯ 4ಬಿ ಸಾಕು. ಕಾಗದದ ಮೇಲ್ತುದಿಯಲ್ಲಿ, ಕೂತು ಯೋಚಿಸಿ, ಒಂದೇ ಒಂದು ಸಾಲು ಬರಿ: ನಿನಗೆ ನೋವಾದದ್ದು ಯಾವುದರಿಂದ? ಮರ ಬಿದ್ದದ್ದರಿಂದಲೋ, ಮಾರನೇ ದಿನ ಮನೆ ಮುಂದೆ ದಿಢೀರನೆ ಬಿದ್ದ ಬಿಸಿಲಿನಿಂದಲೋ? ನಿನ್ನ ಪತ್ರ ಓದಿದರೆ ನನಗೆ ಎರಡನೆಯದೇ ಅನ್ನಿಸುತ್ತದೆ. ಹಾಗಿದ್ದರೆ ಚಿತ್ರದ ವಸ್ತು ಮರವಲ್ಲ, ಮರ ಇದ್ದ ಜಾಗದ ಖಾಲಿ ಆಕಾಶ. ಕೆಳಗೆ 5×7 ಸೆಂ.ಮೀ.ನ ನಾಲ್ಕು ಚೌಕ ಹಾಕಿ, ಒಂದೊಂದಕ್ಕೆ ಐದೇ ನಿಮಿಷ ಕೊಟ್ಟು, ಬಿಳಿ, ಬೂದು, ಕಪ್ಪು ಮೂರರಲ್ಲೇ ಜಾಗ ಹಂಚಿ ನೋಡು. ಆ ಬಯಲಿಗೆ ಕಾಗದದ ಬಿಳಿಯನ್ನೇ ಬಿಡು. ಬುಡದ ಕೊರಡಿಗೆ ಮಾತ್ರ ಚೂಪು ಅಂಚು ಮತ್ತು ಅತಿ ಗಾಢ ಬಣ್ಣ. ಮನೆ, ಗ್ರಿಲ್, ತಂತಿ ಎಲ್ಲ ಬೂದುಬಣ್ಣದಲ್ಲಿ ಕರಗಲಿ. ತೋಳುದ್ದ ದೂರ ಹಿಡಿದಾಗ ಯಾವ ಚೌಕ ಆ ಸಾಲನ್ನು ಹೇಳುತ್ತದೋ ಅದನ್ನೇ ದೊಡ್ಡದು ಮಾಡು.

ಬಣ್ಣ ಹೆಚ್ಚು ಬೇಡ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು ಎರಡರಲ್ಲೇ ತಣ್ಣನೆಯ ಬೂದಿನಿಂದ ಬೆಚ್ಚನೆಯ ಕಂದಿನವರೆಗೆ ಎಲ್ಲ ಸಿಗುತ್ತದೆ. ಅಲ್ಟ್ರಾಮರೀನ್ ಒಣಗಿದ ಮೇಲೂ ಒದ್ದೆ ಬ್ರಷ್ಷಿಗೆ ಎದ್ದು ಬರುತ್ತದೆ, ತಿದ್ದಬಹುದು. ಥಾಲೋ ನೀಲಿ ಕಾಗದಕ್ಕೆ ಕಚ್ಚಿಕೊಂಡುಬಿಡುತ್ತದೆ. ಟಬೂಬಿಯಾ ಮರ ಹೂ ಬಿಡುವ ಕಾಲದಲ್ಲಿ ಗುಲಾಬಿ ಬೇಕಾದರೆ ಟ್ಯೂಬಿನ ಹಿಂದೆ ವರ್ಣದ್ರವ್ಯದ ಸಂಕೇತ ಪಿವಿ 19 ಅಂತ ಇರುವುದನ್ನು ತಗೋ. ಪಿಆರ್ 83 ಅಂತ ಇರುವ ಕೆಂಪು ಬೆಳಕಿಗೆ ಮಾಸುತ್ತದೆ.

ಕೈ ಪಳಗಿಸುವ ದಿನ ಬೇರೆ ಇರಲಿ. ಆ ದಿನ ಮರ ಬೇಡ, ಮನಸ್ಸೂ ಬೇಡ. ಒಂದು ಸಮನಾದ ವಾಶ್, ಒಂದು ಗಾಢದಿಂದ ತಿಳಿಗೆ ಇಳಿಯುವ ವಾಶ್, ಇಷ್ಟೇ. 12ನೇ ನಂಬರಿನ ದುಂಡು ಬ್ರಷ್ಷಿಗೆ ತುಂಬ ಬಣ್ಣ ತುಂಬಿಸಿ, ಗೆರೆಯ ಕೆಳಗೆ ನಿಲ್ಲುವ ಹನಿಯ ಸಾಲನ್ನು ಒಡೆಯದೆ ಕೆಳಗಿನವರೆಗೆ ತಾ. ಕೊನೆಯಲ್ಲಿ ಉಳಿದ ಹನಿಯನ್ನು ಹಿಂಡಿದ ಬ್ರಷ್ಷಿನಿಂದ ಹೀರು. ಬಿಟ್ಟರೆ ಅದೇ ಮೇಲಕ್ಕೆ ಹರಿದು ಕಲೆ ಮಾಡುತ್ತದೆ. ಕೈಗೆ ಇದು ರೂಢಿಯಾದರೆ ಸಂಕಟದ ದಿನವೂ ಕೈ ನಡುಗಿದ್ದು ಕಾಗದಕ್ಕೆ ಗೊತ್ತಾಗುವುದಿಲ್ಲ.

ಊಟಿಯ ಮಂಜನ್ನು ಜಲವರ್ಣದಲ್ಲಿ ಬರೆದ ಕೆ. ವೆಂಕಟಪ್ಪನವರ (1886–1965) ಚಿತ್ರಗಳು, ನಮ್ಮೂರ ಹೂಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳು ಎಲ್ಲಿ ಸಿಕ್ಕರೂ ಬಿಡಬೇಡ. ನೋಡುವಾಗ ಅಂಚುಗಳನ್ನು ಮಾತ್ರ ನೋಡು: ಎಲ್ಲಿ ಚೂಪು, ಎಲ್ಲಿ ಕಾಣದಂತೆ ಬಿಟ್ಟಿದ್ದಾರೆ ಅಂತ.

ಕೆಸರಾದ ಆ ಮೊದಲ ಚಿತ್ರ ಹರಿಯಬೇಡ. ಹೊಸದನ್ನು ಬರೆಯುವಾಗ ಎದುರಿಗೆ ಇಟ್ಟುಕೊ. ಕೊರಡಿನ ಕೆಂಪು ಅದರಲ್ಲಿ ಸರಿಯಾಗಿ ಬಂದಿದೆ. ಮುಗಿದ ಚಿತ್ರ ಕಳಿಸಲು ಅವಸರ ಬೇಡ, ಮೊದಲು ಆ ನಾಲ್ಕು ಚೌಕಗಳನ್ನೂ ಮೇಲಿನ ಸಾಲನ್ನೂ ಕಳಿಸು.

ಇತಿ,
ನಿನ್ನ ದೊಡ್ಡಮ್ಮ