ಪೆನ್ನಿ ರೆಡ್ ಫೋಟೊ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ಪೆನ್ನಿ ರೆಡ್, ಅಂದರೆ ಬ್ರಿಟನ್ನಿನ ಹಳೆಯ ಒಂದು ಪೆನ್ನಿ ಕೆಂಪು ಸ್ಟಾಂಪು ಹಿಡಿದು, ‘ಇದು ಪ್ಲೇಟ್ 77 ಅಲ್ವಾ?’ ಅಂತ ಈ ವಾರವೇ ನಾಲ್ಕು ಫೋಟೊ ಬಂದಿವೆ. ಆಸೆ ತಪ್ಪಲ್ಲ. ಆದರೆ ಆ ಪ್ಲೇಟು (ಸ್ಟಾಂಪು ಅಚ್ಚು ಹಾಕುವ ಲೋಹದ ಫಲಕ) ಸರಿಯಿಲ್ಲ ಅಂತ ಆಗಲೇ ಬದಿಗಿಟ್ಟಿದ್ದರು. ಹೇಗೋ ಹೊರಬಿದ್ದ ಸ್ಟಾಂಪುಗಳು ಬೆರಳೆಣಿಕೆಯಷ್ಟೇ.

ನಾಲ್ಕೂ ಮೂಲೆಯಲ್ಲಿ ಅಕ್ಷರವಿರುವ, 1864ರಿಂದ ಬಂದ ಬ್ರಿಟನ್ನಿನ ಒಂದು ಪೆನ್ನಿ ಕೆಂಪು ಸ್ಟಾಂಪು ತೆಗೆದುಕೊಳ್ಳಿ. ರಾಣಿಯ ತಲೆಯ ಎಡ-ಬಲದ ಬಳ್ಳಿ ಅಂಚಿನ ನಡುವೆ, ಅಡ್ಡ ಮಲಗಿದ ಹಾಗೆ ಪುಟ್ಟ ಅಂಕಿ ಇರುತ್ತದೆ. ಅದೇ ಪ್ಲೇಟ್ ನಂಬರು. ಎರಡೂ ಬದಿ ನೋಡಿ. ಒಂದು ಕಡೆ ಅಂಚೆ ಮುದ್ರೆಯ ಮಸಿ ಕೂತಿದ್ದರೆ ಇನ್ನೊಂದು ಕಡೆ ಕಾಣಬಹುದು. ಮೊನ್ನೆ ಬಂದದ್ದು 177. ಮೊದಲಿನ 1 ಮಸಿಯಡಿ ಅಡಗಿತ್ತು, ಪಾಪ! 73 ಕೂಡ ಹೀಗೇ ಮೋಸ ಮಾಡುತ್ತದೆ.

ಹಾಳೆಯಲ್ಲಿ ಸ್ಟಾಂಪು ಎಲ್ಲಿತ್ತು ಅಂತ ಮೂಲೆಯ ಅಕ್ಷರಗಳು ಹೇಳುತ್ತವೆ: ಕೆಳಗಿನ ಎಡ ಅಕ್ಷರ ಸಾಲು, ಬಲದ್ದು ಕಂಬಸಾಲು. 20 ಸಾಲು, ಸಾಲಿಗೆ 12, ಒಟ್ಟು 240 ಸ್ಟಾಂಪು. ಆಗ ಪೌಂಡಿಗೆ 240 ಪೆನ್ನಿ, ಹಾಗಾಗಿ ಒಂದು ಹಾಳೆಗೆ ಸರಿಯಾಗಿ ಒಂದು ಪೌಂಡ್. ಮೇಲಿನವು ಅವೇ ಅಕ್ಷರ, ತಿರುಗುಮುರುಗು.

ಗೆರೆ, ಚುಕ್ಕೆ ಕಂಡ ಕೂಡಲೇ ‘ಪ್ಲೇಟ್ ದೋಷ’ ಅನ್ನಬೇಡಿ. ಅದೇ ಪ್ಲೇಟಿನ, ಅದೇ ಅಕ್ಷರಗಳ ಇನ್ನೊಂದು ಸ್ಟಾಂಪಿನಲ್ಲೂ ಅದೇ ಜಾಗದಲ್ಲಿ ಇದ್ದರೆ ಮಾತ್ರ ನಂಬಬಹುದು. ಇಲ್ಲದಿದ್ದರೆ ಸುಮ್ನೆ ಮಸಿ ಸಿಡಿದಿರಬಹುದು.

ಇನ್ನು ಮುಂದೆ ಎರಡೂ ಅಂಚಿನ ಹತ್ತಿರದ ಫೋಟೊ ಹಾಕಿ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು.